ಬ್ರೇಕ್ ಹಿಡಿಯದ ಗಾಡಿ

೯ ಜನವರಿ ೧೯೬೮, ಮಂಗಳವಾರ. ಹುಣಸೂರು

ಮುದ್ದೆ ಇವತ್ತೂ ಗಂಟು. ಸಾರು ನಿನ್ನೆಯದೇ. ತಿಂದು ಶೆಡ್ಡಿಗೆ ಹೋದೆ. ಲಾರಿಗೆ ಜಾಕ್ ಕೊಟ್ಟು ಹಿಂದಿನ ಬಲಗಡೆ ಚಕ್ರಕ್ಕೆ ಕೈ ಹಾಕಿದೆ. ನಟ್ಟುಗಳು ತುಕ್ಕು ಹಿಡಿದು ಕೂತಿವೆ. ಸೀಮೆಎಣ್ಣೆ ಹಾಕಿ, ಬೈದು, ಮತ್ತೆ ಸೀಮೆಎಣ್ಣೆ ಹಾಕಿ... ಮಧ್ಯಾಹ್ನದ ಹೊತ್ತಿಗೆ ಮೂರು ಬಂದವು.

ಯುದ್ಧಕಾಲದ ಗಾಡಿ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಸಾಮಿಲ್ ಸಾಹುಕಾರರು ಕೊಂಡರು, ಅವರಿಂದ ನಾನು. ಹನ್ನೊಂದು ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಗೂಡುಗಳಿಗೆ ಸೌದೆ ಹೊಡೆದಿದ್ದೇನೆ. ದೀಪಾವಳಿಯಿಂದ ನಿಂತಿದೆ. ಸುನಂದ ತವರಿನಲ್ಲಿ ಉಳಿದದ್ದೂ ಅವತ್ತಿನಿಂದಲೇ. ಎರಡು ತಿಂಗಳು, ಒಂದು ವಾರ. ಗಾಡಿ ಸರಿ ಮಾಡಿಕೊಂಡು ಅವಳೂರು ಎನ್. ಬೇಗೂರಿಗೆ ಹೋಗಬೇಕು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಬೇಕು. ತಲೆಯಲ್ಲಿ ಇರುವುದು ಇದೊಂದೇ.

೧೦ ಜನವರಿ

ಬ್ರೇಕ್ ಡ್ರಮ್ ಕಳಚಿದೆ. ಲೈನಿಂಗ್ ಪೂರ್ತಿ ಸವೆದಿದೆ. ಬ್ರೇಕಿನ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರ್ ಕಪ್ ನೆನೆಸಿದ ಕಡಲೆಯ ಹಾಗೆ ಊದಿಕೊಂಡು, ಅಂಚು ಹರಿದಿತ್ತು.

ಇದು ನನ್ನದೇ ಕೆಲಸ. ಸೀಸನ್ನಿನಲ್ಲಿ ಬ್ರೇಕ್ ಆಯಿಲ್ ಮುಗಿದಿತ್ತು. ಮೈಸೂರಿಗೆ ಹೋಗಿ ತರಬೇಕು. ಒಂದು ದಿನದ ಕೆಲಸ ಕೆಡುತ್ತದೆ ಅಂತ ಇಂಜಿನ್ ಆಯಿಲ್ ಸುರಿದೆ. ರಬ್ಬರಿಗೆ ಅದು ವಿಷ. ಇಲ್ಲಿನ ಡ್ರೈವರುಗಳಿಗೆಲ್ಲ ಗೊತ್ತು, ಎಲ್ಲರೂ ಒಮ್ಮೆಯಾದರೂ ಸುರಿದವರೇ. ಗೇರಿನಲ್ಲೇ ಗಾಡಿ ನಿಲ್ಲಿಸುವವನು ಗಂಡಸು ಅಂತ ನಮಗೆ ಜಂಬ ಬೇರೆ.

ಹಬ್ಬಕ್ಕೆ ತವರಿಗೆ ಹೊರಟಾಗ ಅವಳು ಕೇಳಿದ್ದಳು.

"ಬ್ರೇಕ್ ಇಡೀತದಾ? ಅಳ್ಳದ ತಾವ ಬಲು ಇಳಿಜಾರು."

"ಇಡೀತದೆ ಕಣೆ, ಗಾಡಿ ಅತ್ತು."

ಪೆಡಲ್ ತಳ ಮುಟ್ಟುತ್ತಿತ್ತು. ಸರಗೂರು ದಾಟಿ ಹಳ್ಳದ ಇಳಿಜಾರಿನಲ್ಲಿ ಗೇರ್ ಬೀಳಲಿಲ್ಲ. ಗಾಡಿ ಹೋಗಿ ಹೊಲದ ಬದುವಿಗೆ ಗುದ್ದಿತು. ನನಗೆ ಒಂದು ಗೀರೂ ಇಲ್ಲ. ಅವಳ ಎಡಗೈ ಮುರಿಯಿತು. ಅವಳು ತವರಿನಲ್ಲಿ ಉಳಿದಳು, ಗಾಡಿಯನ್ನು ನಾನು ಹುಣಸೂರಿಗೆ ಎಳೆಸಿ ತಂದೆ. ಏಕಾಏಕಿ ಬ್ರೇಕ್ ಹೋಯಿತು ಅಂತ ಎಲ್ಲರಿಗೂ ಹೇಳಿದೆ. ಅವಳಿಗೂ.

೧೭ ಜನವರಿ

ಸಂಕ್ರಾಂತಿಗೆ ಎಳ್ಳುಬೆಲ್ಲ ಡಬ್ಬದಲ್ಲಿ ತುಂಬಿ ಬಸ್ ಕಂಡಕ್ಟರ್ ಲಿಂಗಣ್ಣನ ಕೈಯಲ್ಲಿ ಕಳಿಸಿದ್ದೆ. ಎಳ್ಳು ಹುರಿದದ್ದು ನಾನೇ. ಇವತ್ತು ಸ್ಟ್ಯಾಂಡಿನಲ್ಲಿ ಸಿಕ್ಕಿದ.

"ಕೊಟ್ಟೆ ಕಣಣ್ಣ. ಅತ್ಗೆ ಈಸ್ಕೊಂಡ್ರು."

"ಏನಂದ್ಲು?"

"ಒಂದೀಟು ಬಾಯ್ಗಾಕೊಂಡು, ಎಳ್ಳು ಸೀದೋಗ್ಯದೆ ಅಂದ್ರು."

"ನಕ್ಕೊಂಡು ಅಂದ್ಲಾ?"

"ಬಸ್ಸು ಒಂಟಿತ್ತು ಕಣಣ್ಣ. ನೋಡ್ನಿಲ್ಲ."

ಒಂದು ನಿಮಿಷ ನಿಂತು ಮುಖ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು!

೫ ಫೆಬ್ರವರಿ, ಸೋಮವಾರ

ಸುನಂದಳ ಅಣ್ಣ ಮಹದೇವಯ್ಯನವರ ಕಾರ್ಡು. ಶಿವರಾತ್ರಿ ಕಳೆದ ಗುರುವಾರ ನಾಲ್ಕು ಜನ ಹಿರಿಯರನ್ನು ಕೂರಿಸುತ್ತೇವೆ, ಕೂಡುವುದೋ ಬಿಡುವುದೋ ತೀರ್ಮಾನವಾಗಲಿ, ತಾವೂ ಬರುವುದು. ಇಷ್ಟೇ. ಕ್ಷೇಮ ಸಮಾಚಾರ ಇಲ್ಲ.

ಬಿಡುವುದೋ ಅನ್ನುವ ಮಾತನ್ನು ಎಷ್ಟು ಸಲ ಓದಿದೆನೋ. ಊಟ ಬೇಡವೆನಿಸಿತು.

೬ ಫೆಬ್ರವರಿ

ಮೈಸೂರು. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಹಳೇ ಕಪ್ಪನ್ನು ಅಳತೆಗೆ ಅಂತ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಕೊನೆಯ ಅಂಗಡಿಯ ಮುದುಕ ಅದನ್ನು ಹಿಚುಕಿ ನೋಡಿ ನಕ್ಕ. "ಊದಿರೋದನ್ನ ಅಳತೆಗೆ ತಂದ್ರೆ ಎಂಗ್ರೀ? ಸಿಲಿಂಡರ್ ತರ್ಬೇಕು ಕಣ್ರೀ."

ಇಪ್ಪತ್ತು ವರ್ಷದ ಸರ್ವೀಸು ನನ್ನದು! ಕಪ್ಪನ್ನು ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ. ನಾಳೆ ಸಿಲಿಂಡರ್ ಹೊತ್ತು ಮತ್ತೆ ಹೋಗಬೇಕು.

೧೪ ಫೆಬ್ರವರಿ

ನಾಲ್ಕು ಚಕ್ರಕ್ಕೂ ಹೊಸ ಕಪ್ ಬಿತ್ತು. ಸಿಲಿಂಡರ್ ಒಳಗೆ ಉಪ್ಪುಕಾಗದದಲ್ಲಿ ಉಜ್ಜಿ ಕನ್ನಡಿ ಮಾಡಿದೆ. ಲೈನಿಂಗಿಗೆ ರಿವೆಟ್ ಹೊಡೆದದ್ದೂ ಮುಗಿಯಿತು. ಲೈನಿಂಗ್ ಮೇಲೆ ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿ ತೆಗೆದರೆ ಎಲ್ಲಿ ತಾಗುತ್ತದೋ ಅಲ್ಲಿ ಸುಣ್ಣ ಹೋಗಿರುತ್ತದೆ. ಅಲ್ಲಿ ಅರ ಹಾಕಿ ಉಜ್ಜಬೇಕು. ಮತ್ತೆ ಸುಣ್ಣ, ಮತ್ತೆ ಡ್ರಮ್, ಮತ್ತೆ ಅರ. ಒಂದು ಚಕ್ರಕ್ಕೆ ಒಂದು ದಿನ. ಇಷ್ಟು ನಾಜೂಕಾಗಿ ಜನ್ಮದಲ್ಲಿ ಕೆಲಸ ಮಾಡಿದವನಲ್ಲ.

ಸಂಜೆ ಹಿತ್ತಲಿಗೆ ಹೋದೆ. ಅವಳು ಹಬ್ಬದ ದಿನ ಒಗೆದು ಹಾಕಿದ ಸೀರೆ ಹಗ್ಗದ ಮೇಲೆ ಹಾಗೇ ಇದೆ. ಮಡಿಸಿಡಲು ಮನಸ್ಸು ಬರುವುದಿಲ್ಲ. ಬಣ್ಣ ಹೋಗುತ್ತಿದೆ. ನೆರಳಿಗೆ ಸರಿಸಿದೆ. ಮನೆಗೆ ಬಂದರೆ ಬೈಯಲಿಕ್ಕಾದರೂ ಒಂದು ದನಿ ಬೇಕು ಅನ್ನಿಸುತ್ತದೆ. ಅವಳ ದನಿಯೇ ಬೇಕು.

೧೯ ಫೆಬ್ರವರಿ

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರ ಮಲಗಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮುಂಚೆ ಕಾಲೆತ್ತಿದರೆ ಗಾಳಿ ವಾಪಸ್ ಒಳಗೆ. ವೀರನಹೊಸಹಳ್ಳಿಯ ಕಾಡಂಚಿನ ಹಾಡಿಯ ಜವರನನ್ನು ಕರೆದೆ. ಸೌದೆ ತುಂಬಲು ಬರುತ್ತಿದ್ದವನು, ನನ್ನ ವಯಸ್ಸಿನವನೇ.

"ಯಾಕ್ಲಾ ಕಾಲೆತ್ತಿದೆ?"

"ನಾ ಎತ್ತಿಲ್ಲ ಕಣಣ್ಣ, ತಾನೇ ಬಂತು."

"ಕಾಲೇನು ಬಾಡಿಗೇದೇನ್ಲಾ?"

ಮಧ್ಯಾಹ್ನದವರೆಗೂ ಇದೇ ರಗಳೆ. ಆಮೇಲೆ ಪೆಡಲ್ ಕಲ್ಲಿನ ಹಾಗೆ ನಿಂತಿತು. ಬೀಡಿ ಹಚ್ಚಿ ಕೂತೆವು.

"ಅತ್ಗೆಗೆ ಏನಂತ ಯೋಳ್ತೀಯಣ್ಣ?"

"ಬ್ರೇಕ್ ಸರಿ ಮಾಡಿವ್ನಿ ಅಂತೀನಿ."

"ಅದು ಕಾಣ್ತದೆ ಬುಡು. ಕಾಣ್ದೇ ಇರದು ಏನಾರ ಇದ್ರೆ ಯೋಳು."

ಅವನಿಗೆ ಏನು ಗೊತ್ತೋ, ಎಷ್ಟು ಗೊತ್ತೋ. ಬೀಡಿ ಕಹಿಯಾಯಿತು. ಎಸೆದೆ.

೨೮ ಫೆಬ್ರವರಿ, ಬುಧವಾರ. ಸಂಜೆ, ಎನ್. ಬೇಗೂರು

ಹಳ್ಳದ ಇಳಿಜಾರಿನ ಅರ್ಧದಲ್ಲಿ ಬೇಕೆಂದೇ ಬ್ರೇಕ್ ಒತ್ತಿದೆ. ನಿಂತಿತು. ಒಂದು ಗೇಣೂ ಜಾರಲಿಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಒಂದು ದಿನ ಮೈಸೂರಿಗೆ ಹೋಗಿದ್ದರೆ ಅವತ್ತೂ ಹೀಗೇ ನಿಲ್ಲುತ್ತಿತ್ತಲ್ಲ.

ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಅವತ್ತು ಬ್ರೇಕ್ ಇಲ್ಲ ಅಂತ ನಂಗೆ ಗೊತ್ತಿತ್ತು ಕಣೆ. ಗೊತ್ತಿದ್ದೂ ನಿನ್ನ ಗಾಡಿ ಅತ್ತುಸ್ದೆ."

ಅವಳ ಕೈ ನಿಲ್ಲಲಿಲ್ಲ. "ನಂಗೂ ಗೊತ್ತಿತ್ತು" ಅಂದಳು. "ಕಾಲಿಟ್ರೆ ಪೆಡ್ಲು ತಳಕ್ಕೋಗದು ಕಾಣ್ತಿತ್ತಲ್ಲ. ನೀವು ಇಡೀತದೆ ಅಂದ್ರಿ. ಅದ್ಕೇ ಗಾಡಿ ಅತ್ತುದೆ."

ನಾನೂ ಮೊರದಿಂದ ಒಂದು ಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ.

"ಕೈ ಮುರ್ದುದ್ಕೆ ನಾ ಇಲ್ಲಿ ಉಳೀನಿಲ್ಲ" ಅಂದಳು. "ಮುರ್ದಿರೋ ಕೈ ಇಡ್ಕೊಂಡು, ಏಕಾಏಕಿ ಓಯ್ತು ಅಂದ್ರಲ್ಲ... ನನ್ ಮುಖ ನೋಡ್ಕೊಂಡೇ ಅಂದ್ರಿ."

"ನಾಳೆ ಇರೀಕ್ರ ಮುಂದೂ ಇದ್ನೇ ಯೋಳ್ತೀನಿ."

"ಎಲ್ರ ಮುಂದೂವಾ?"

"ಊಂ."

ಮೊರ ಎತ್ತಿಕೊಂಡು ಒಳಗೆ ಹೋದಳು. ಬರುತ್ತೀಯಾ ಅಂತ ಕೇಳುವ ಯೋಗ್ಯತೆ ನನಗಿರಲಿಲ್ಲ. ಮಹದೇವಯ್ಯನವರು ಉಣ್ಣಲು ಕರೆದರು. ಉಂಡೆ. ಎಷ್ಟು ತಿಂಗಳಾಗಿತ್ತು ಅವಳ ಕೈಯಡುಗೆ ತಿಂದು.

೨೯ ಫೆಬ್ರವರಿ, ಬೆಳಿಗ್ಗೆ ೬.೩೦

ಕ್ಯಾಬಿನ್ನಿನಲ್ಲೇ ಮಲಗಿದ್ದೆ. ಹಿರಿಯರು ಎಂಟಕ್ಕೆ ಬರುತ್ತಾರಂತೆ. ಹೇಳಬೇಕಾದ್ದನ್ನು ಬರೆದುಕೊಳ್ಳೋಣ ಅಂತ ಪುಸ್ತಕ ತೆಗೆದೆ. ತೀರ್ಮಾನ ಏನೇ ಆಗಲಿ, ಇನ್ನೊಂದು ಸುಳ್ಳು ಹೇಳುವುದಿಲ್ಲ. ಆದರೆ ದೇವರೇ, ಅವಳಿಲ್ಲದೆ ಆ ಮನೆಗೆ ಹೋಗಲಾರೆ.

ಮನೆಯ ಬಾಗಿಲು ತೆರೆದ ಸದ್ದು. ಸುನಂದ. ಒಬ್ಬಳೇ. ಟ್ರಂಕಿಲ್ಲ, ಬರಿಗೈ. ನೀರಿಗೆ ಹೊರಟಳೇನೋ... ಕೊಡವೂ ಇಲ್ಲ. ಈ ಕಡೆಗೇ ಬರುತ್ತಿದ್ದಾಳೆ.

ಕಾಲಲ್ಲಿ ಚಪ್ಪಲಿ. ಈ ಮನೆಯ ಹೆಂಗಸರು ಊರು ಬಿಟ್ಟು ಹೊರಟಾಗ ಮಾತ್ರ ಚಪ್ಪಲಿ ಮೆಟ್ಟುವುದು. ಹಿಂದೆ ಬಾಗಿಲಲ್ಲಿ ಅವಳಣ್ಣ, ಹೆಗಲ ಮೇಲೆ ಟ್ರಂಕಿನಂಥದ್ದೇನೋ ಹೊತ್ತಿದ್ದಾರೆ, ಮಂಜಿನಲ್ಲಿ ಸರಿಯಾಗಿ ಕಾಣದು... ಎಂಟಾಗಲು ಇನ್ನೂ ಒಂದೂವರೆ ಗಂಟೆ ಇದೆ, ಯಾಕಿಷ್ಟು ಬೇಗ—

ಗಾಡಿಯ ಆ ಕಡೆ ಬಾಗಿಲಿನ ಹತ್ತಿರ ಬಂದು ನಿಂತಳು. ಆ ಹಿಡಿ ಬಲು ಬಿಗಿ, ಎರಡು ಕೈ ಬೇಕು, ಅವಳಿಗೆ ಆಗುವುದಿಲ್ಲ. ನಾನೇ ಒಳಗಿನಿಂದ ತೆಗೆಯಬೇಕು—