ಇಲಿಮರಿಗಾಗಿ ಇಟ್ಟ ಬಿಸ್ಕತ್ತು

ಜೂನ್ 3, ಮಂಗಳವಾರ

ಇವತ್ತು ಒಂಬತ್ತು ಕರೋಕೆ ಹಾಡು ಮುಗಿಸಿದೆ. ಕಿವಿಗೆ ಹೆಡ್‌ಫೋನ್. ಹಾಡಿದ್ದನ್ನು ಟೈಪ್ ಮಾಡು, ಒಂದೊಂದು ಪದಕ್ಕೂ ಸರಿಯಾಗಿ ಕೀ ಒತ್ತು — ಪರದೆಯ ಮೇಲೆ ಬಣ್ಣ ಬದಲಾಗಬೇಕು, ಅದನ್ನು ನೋಡಿಕೊಂಡು ಜನ ಹಾಡಬೇಕು. ಊರವರನ್ನೆಲ್ಲ ಹಾಡಿಸುವವಳು ನಾನು. ಮನೆಗೆ ಬಂದರೆ ಮಾತಾಡಿಸುವವರಿಲ್ಲ. ಅಕ್ಕನ ಫೋನಿಲ್ಲದೆ ಎಂಟು ತಿಂಗಳಾಯಿತು. ನಾನೂ ಮಾಡಿಲ್ಲ. ಯಾಕೆ ಮಾಡಬೇಕು?

ಜೂನ್ 4, ಮಧ್ಯಾಹ್ನ

ಫೈಲ್ ತೆರೆದರೆ ಅದೇ ಹಾಡು! ಚಿಕ್ಕಂದಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು. ‘ಇನಿಯನಿಗಾಗಿ ದೀಪ ಹಚ್ಚಿಟ್ಟೆ...’ ಬೆರಳು ತಾನಾಗಿ ‘ಇಲಿಮರಿಗಾಗಿ’ ಎಂದು ಹೊಡೆದಿದೆ. ಗೊತ್ತೇ ಆಗಲಿಲ್ಲ. ತಪ್ಪು ತಿದ್ದುವ ಹುಡುಗಿ ಓಡಿ ಬಂದಳು.

“ಮೇಡಂ, ಈ ಇಲಿಮರಿ ಎಲ್ಲಿಂದ ಬಂತು?”

ಹೇಳಿದೆ. ಆರು ವರ್ಷದ ನನಗೆ ಹಾಗೇ ಕೇಳಿಸಿತ್ತು. ನಂಬಿಯೂ ಬಿಟ್ಟಿದ್ದೆ. ದಿನಾ ಮಲಗುವ ಮುಂಚೆ ಮೆಟ್ಟಿಲ ಕೆಳಗೆ ಅಪ್ಪನ ಟಾರ್ಚ್ ಹಚ್ಚಿಡುವುದು, ಪಕ್ಕದಲ್ಲಿ ಒಂದು ಬಿಸ್ಕತ್ತು. ಬೆಳಗ್ಗೆ ನೋಡಿದರೆ ಬಿಸ್ಕತ್ತು ಮಾಯ. ಸೆಲ್ಲು ಮುಗಿಯಿತೆಂದು ಅಪ್ಪನ ಕೂಗಾಟ. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ — ನನ್ನ ಇಲಿಮರಿ ಬಂದಿತ್ತಲ್ಲ!

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಎಂಟು ತಿಂಗಳ ಹಿಂದೆ ಅಕ್ಕ ತನ್ನ ಮಗಳ ಮದುವೆಯಲ್ಲಿ ಮೈಕ್ ಹಿಡಿದು ಹೇಳಿದ್ದೂ ಇದನ್ನೇ. ಸಭೆಯೆಲ್ಲ ಗೊಳ್ಳೆಂದಿತು. ಮದುವೆಯಾಗದ, ನಲವತ್ತಾರರ ತಂಗಿ — ಇನಿಯನ ಜಾಗದಲ್ಲಿ ಇಲಿ. ಊಟಕ್ಕೂ ನಿಲ್ಲದೆ ಎದ್ದು ಬಂದೆ. ಇವತ್ತು ನಾನೇ ಬಾಯಿಬಿಟ್ಟು ಹೇಳಿ ನಗಿಸಿದೆನಲ್ಲ, ಅದಕ್ಕೇನು ಹೇಳಲಿ?

ಜೂನ್ 5

ಅಕ್ಕನ ನಂಬರ್ ಒತ್ತಿದೆ. ಎರಡು ರಿಂಗ್. ಕಟ್ ಮಾಡಿದೆ. ಹೇಡಿ.

ಜೂನ್ 14, ಬೆಳಗ್ಗೆ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು? ಇವತ್ತು ಅಕ್ಕನೇ ಫೋನ್ ಮಾಡಿದಳು.

“ಎರಡು ರಿಂಗ್ ಕೊಟ್ಟು ಕಟ್ ಮಾಡಿದ್ಯಲ್ಲ. ಮತ್ತೆ ಮಾಡ್ತೀಯೇನೋ ಅಂತ ಒಂಬತ್ತು ದಿನ ಕಾದೆ ಕಣೇ.”

“ಎಲ್ಲರೆದುರಿಗೆ ನನ್ನ ಮಾನ ಕಳೆದೆ ನೀನು” ಎಂದೆ. ಎಂಟು ತಿಂಗಳು ಒಳಗೇ ಇಟ್ಟುಕೊಂಡಿದ್ದ ಮಾತು.

“ನೀನು ಪೂರ್ತಿ ಕೇಳ್ದೇ ಎದ್ದು ಹೋದೆ. ನಮ್ಮನೇಲಿ ಇಲೀನೇ ಇರ್ಲಿಲ್ಲ. ಮೊದಲನೇ ದಿನ ಬಿಸ್ಕತ್ತು ಹಾಗೇ ಇತ್ತು, ನೀನು ಅತ್ತೂ ಅತ್ತೂ ಜ್ವರ ಬರಿಸ್ಕೊಂಡೆ. ಆಮೇಲೆ ದಿನಾ ನಿನಗಿಂತ ಮುಂಚೆ ಎದ್ದು ನಾನೇ ತಿಂತಿದ್ದೆ. ಎರಡು ವರ್ಷ! ಅದನ್ನ ಹೇಳೋಕೇ ಮೈಕ್ ಹಿಡಿದಿದ್ದು. ಆ ಮಾತಿಗೆ ಬರೋ ಹೊತ್ತಿಗೆ ನಿನ್ನ ಕುರ್ಚಿ ಖಾಲಿ.”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

“ಲೈನಲ್ಲಿದ್ದೀಯಾ?”

“ಇದ್ದೀನಿ ಅಕ್ಕ.”

“ನಾಳೆ ಬಾ. ಊಟ ಬಾಕಿ ಇದೆ ನಿಂದು.”

ಜೂನ್ 15, ಭಾನುವಾರ, 9 ಗಂಟೆ

ಬಸ್ಸು ಹತ್ತೂವರೆಗೆ. ಆಗಲೇ ಸಿದ್ಧಳಾಗಿ ಕುಳಿತಿದ್ದೇನೆ. ಬ್ಯಾಗಿನಲ್ಲಿ ಒಂದು ಪ್ಯಾಕೆಟ್ ಬಿಸ್ಕತ್ತು.

ಎರಡು ವರ್ಷ ದಿನವೂ ನನಗೋಸ್ಕರ ಒಬ್ಬರು ಏಳುತ್ತಿದ್ದರು. ನಿದ್ದೆಗಣ್ಣಲ್ಲಿ, ಬರಿಗಾಲಲ್ಲಿ, ಸದ್ದಾಗದ ಹಾಗೆ. ನಾನು ಥ್ಯಾಂಕ್ಸ್ ಹೇಳಿದ್ದು ಇಲಿಗೆ. ಇವತ್ತಾದರೂ ಅಕ್ಕನಿಗೆ—