ಅಡಿ ಮುಚ್ಚದ ಬುಟ್ಟಿ

ಮೇದಾರ ಓಣಿ, ಹರಿಹರ
೧೮-೯-೧೯೬೪

ಪ್ರೀತಿಯ ಬೊಮ್ಮಣ್ಣನಿಗೆ ತಂಗಿ ಯಲ್ಲಕ್ಕನ ನಮಸ್ಕಾರ.

ಆರೋಗ್ಯ ಹೇಗಿದೆ? ಜಲಪಾತದ ಕೆಳಗೆ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿಬಿದ್ದೆ ಎಂದು ಬರೆದಿದ್ದೀಯ, ಮೊಣಕಾಲು ಈಗ ಹೇಗಿದೆಯೆಂದು ಬರೆದಿಲ್ಲ. ಕಾರ್ಖಾನೆಯವರು ನಿನ್ನನ್ನು ಅಮೆರಿಕಕ್ಕೆ ಕಳಿಸಿದ್ದು ಯಂತ್ರದ ಕೆಲಸ ಕಲಿಯಲು, ರಜೆ ಸಿಕ್ಕ ಕೂಡಲೇ ಕರಡಿಗಳಿರುವ ಬೆಟ್ಟ ಹತ್ತಲು ಅಲ್ಲ. ಆದರೂ ಆ ಕಾಗದವನ್ನು ನಾಲ್ಕು ಸಲ ಓದಿದೆ. ಸೈಕಲ್ ಅಂಗಡಿಯ ಜಮಾಲುದ್ದೀನ್ ಸಾಹೇಬರು ಒಮ್ಮೆ ಓದಿಸಿಕೊಂಡು, ನಿನಗೆ ಹುಲಿ ಎದುರಾಯಿತೆಂದು ಬಜಾರಿಗೆಲ್ಲ ಹೇಳಿದ್ದಾರೆ. ಕರಡಿ ಎಂದು ತಿದ್ದಿದೆ. "ದೊಡ್ಡ ದೇಶ, ಹುಲಿನೂ ಇರ್ತೈತೆ ಬಿಡವ್ವ" ಅಂದರು.

ಇಲ್ಲಿ ಎಲ್ಲರೂ ಕ್ಷೇಮ. ಹೊಳೆ ತುಂಬಿ ಹರಿಯುತ್ತಿದೆ. ಈಗ ಸುದ್ದಿಗೆ ಬರುತ್ತೇನೆ. ಬೆಟ್ಟ ನೋಡಲು ಬಂದವರ ಎದುರು ಕೂತು ಬುಟ್ಟಿ ಹೆಣೆಯುವ, ಆ ನಾಡಿನ ಮೂಲ ಜನರಾದ ಚೆರೋಕಿಯರ ಅಜ್ಜಿಯ ಫೋಟೋ ಕಳಿಸಿದ್ದೀಯಲ್ಲ, ಅದು ಅವ್ವನ ಕಣ್ಣಿಗೆ ಬಿತ್ತು. ಮೂರು ವರ್ಷದ ಹಿಂದೆ ನೀನು "ಬಿದಿರಿನಾಗ ಏನೈತೆ" ಎಂದು ಬಿದಿರು ಸೀಳುವ ಅಪ್ಪನ ಕತ್ತಿಯನ್ನು ಗೂಟಕ್ಕೆ ತೂಗಿಹಾಕಿ ಕಾರ್ಖಾನೆಗೆ ಹೋದೆಯಲ್ಲ, ಅಂದಿನಿಂದ ಅವ್ವ ನಿನ್ನ ಹೆಸರೆತ್ತಿಲ್ಲ. ನಿನ್ನ ಕಾಗದ ಓದಲು ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಕಳೆದ ಸೋಮವಾರ ಮಾತ್ರ ಫೋಟೋವನ್ನು ಬೆಳಕಿಗೆ ಹಿಡಿದು, "ಇದು ನಮ್ಮ ಕೆಲಸ" ಅಂದಳು. ಅವರದು ಹೊಳೆದಂಡೆಯ ಸಣ್ಣ ಬಿದಿರೆಂದೂ, ಬೇರು ಕುದಿಸಿ ಬಣ್ಣ ಕಟ್ಟುತ್ತಾರೆಂದೂ, ಒಂದೇ ಬುಟ್ಟಿಗೆ ಒಳಗೊಂದು ಹೊರಗೊಂದು ಗೋಡೆ ಇದ್ದು ಸೇರಿಸಿದ ಗುರುತೇ ಕಾಣದೆಂದೂ ನೀನು ಬರೆದದ್ದನ್ನು ಓದಿದೆ. ಈ ಸಲ ಅವ್ವ ಹಿತ್ತಲಿಗೆ ಹೋಗಲಿಲ್ಲ.

ಅಂದಿನಿಂದ ಮನೆಯಲ್ಲಿ ರೊಟ್ಟಿ ತಟ್ಟುವವಳು ನಾನೇ. ಅಂಥದ್ದೇ ಎರಡು ಗೋಡೆಯದು ಹೆಣೆಯಲು ಹೋಗಿ ಅವ್ವ ಎರಡು ಬುಟ್ಟಿ ಕೆಡಿಸಿದಳು. ನಮ್ಮಲ್ಲಿ ಬುಟ್ಟಿ ಮುಗಿಯುವುದು ಬಾಯಲ್ಲಿ ಅಲ್ಲವೇ, ಅಲ್ಲಿಗೆ ಬಂದ ಕೂಡಲೇ ಅವಳ ಕೈ ತಾನಾಗಿ ಅಂಚು ಕಟ್ಟಿಬಿಡುತ್ತಿತ್ತು. ನಿನ್ನೆ ಮಧ್ಯಾಹ್ನ ಮೂರನೆಯದಕ್ಕೆ ಅಂಚು ಕಟ್ಟಲಿಲ್ಲ. ಸೀಳುಗಳನ್ನು ಹೊರಕ್ಕೆ ಮಡಚಿ ಕೆಳಮುಖವಾಗಿ ಹೆಣೆಯತೊಡಗಿದಳು. ಒಳತಳದಿಂದ ಮೇಲಕ್ಕೆ, ಬಾಯಲ್ಲಿ ತಿರುಗಿ, ಹೊರಗಿನಿಂದ ಮತ್ತೆ ತಳಕ್ಕೆ! ಅಣ್ಣಾ, ನಾನು ಕೂಗಿಯೇಬಿಟ್ಟೆ. ಪಕ್ಕದ ಮನೆಯ ಶಹಜಾದಿ ಹಾವು ಬಂತೆಂದು ಕೋಲು ಹಿಡಿದು ಓಡಿಬಂದಳು.

ಹೊಟ್ಟೆ ತುಂಬ ಉಣ್ಣು, ಒದ್ದೆ ಬಂಡೆಯ ಮೇಲೆ ಕಾಲಿಡಬೇಡ. ಆ ಅಜ್ಜಿಗೆ ನಮ್ಮ ಓಣಿಯವರೆಲ್ಲರ ಶರಣು ತಿಳಿಸು.

ನಿನ್ನ ತಂಗಿ,
ಯಲ್ಲಕ್ಕ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬುಟ್ಟಿಯ ತಳ ಇನ್ನೂ ಮುಚ್ಚಿಲ್ಲ. ಕೊನೆಯ ಸೀಳುಗಳು ಎಲ್ಲಿ ಅಡಗುತ್ತವೆಂದು ಫೋಟೋದಲ್ಲಿ ಕಾಣುವುದಿಲ್ಲ. ನೀನು ಅಲ್ಲಿಂದ ಹೊರಡಲು ಐದೇ ವಾರ ಉಳಿದಿದೆ. ಲಕೋಟೆ ಅಂಟಿಸಬೇಕು ಅನ್ನುವಾಗ ಅವ್ವ ಬಂದು ಪಕ್ಕದಲ್ಲಿ ನಿಂತಳು. ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ: "ಬೊಮ್ಮಣ್ಣಗೆ ಬರಿ. ಇನ್ನೊಂದು ಸಲ ಬೆಟ್ಟ ಹತ್ತಿ, ಆ ಅಜ್ಜಿ ಪಕ್ಕ ಕುಂತು, ತಳ ಮುಚ್ಚೋದು ಕಲ್ತ್ಕೊಂಡು ಬಾ. ಫೋಟೋ ಬ್ಯಾಡ, ಕೈಯಾಗ ಕಲಿ. ಅಪ್ಪನ ಕತ್ತಿ ಸಾಣೆ ಹಿಡಿಸಿ ಇಟ್ಟೀನಿ."