ದಾದಿಯ ತಾಟು

ರಾಣೆಬೆನ್ನೂರು
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ಅಮ್ಮಾ,

ನಿಮ್ಮ ಸೊಸೆ ದಿಲನಾಜಳ ಸಲಾಂ. ಮೊಣಕಾಲು ನೋವು ಹೇಗಿದೆ? ಮಗಳು ನಸ್ರೀನಳ ಜೊತೆ ನೀವೂ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದೀರಿ ಎಂದು ನಿಮ್ಮ ಮಗ ಹೇಳಿದರು. ದಿನವೆಲ್ಲ ನೆಲದ ಮೇಲೆ ಕುಳಿತವರು ಏಳುವಾಗ ಗೋಡೆ ಹಿಡಿದು ಏಳಿರಿ. ಸಂಜೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿರಿ, ಆ ಕೈಯಿಂದ ಕಣ್ಣು ಒರೆಸಿಕೊಳ್ಳಬೇಡಿರಿ. ಇಷ್ಟು ಹೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಹೇಳಿಬಿಟ್ಟೆ. ನನಗೂ ನಸ್ರೀನಳಿಗೂ ಉರ್ದು ಓದಲು ಬರೆಯಲು ಬರುವುದಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಸ್ರೀನ್, ನೀನು ಇದನ್ನು ಅಮ್ಮನಿಗೆ ಓದಿ ಹೇಳುವಾಗ ನನ್ನ ಮರ್ಯಾದೆ ಕಾಯಲೆಂದು ನಡುವೆ ಒಂದು ಸಾಲನ್ನೂ ಬಿಡಬೇಡ.

ಫೋನ್ ಮಾಡಬಹುದಿತ್ತು. ಎರಡು ಸಲ ಮಾಡಿದೆ, ನಸ್ರೀನಳೇ ಎತ್ತಿದಳು. ಎರಡೂ ಸಲ ನೀವು ಹಿಂದಿನಿಂದ "ಮಲಗ್ಯಾರ ಅಂತ ಹೇಳವಾ ಅಕಿಗೆ" ಎಂದದ್ದು ನನಗೆ ಕೇಳಿಸಿತು. ಮಟಮಟ ಮಧ್ಯಾಹ್ನ ನೀವು ಮಲಗಿದ್ದನ್ನು ಮದುವೆಯಾಗಿ ಬಂದ ಐದು ವರ್ಷದಲ್ಲಿ ನಾನು ನೋಡಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಕ್ಷಮೆ ಕೇಳಲು ಹೋಗಿ ಮತ್ತೊಂದು ಜಗಳ ಮಾಡುತ್ತಿದ್ದೆ. "ನಾ ಹೋಗಿ ಕರ್ಕೊಂಡ ಬರ್ತೇನಿ ತಗೋ" ಎಂದು ನಿಮ್ಮ ಮಗ ದಿನಾ ಹೇಳುತ್ತಾರೆ. ನಾನು ಬೇಡವೆಂದೆ. ಆ ಮಾತು ಆಡಿದವಳು ನಾನು, ಅವರಲ್ಲ.

ನಿಮ್ಮ ಮೊಮ್ಮಗಳು ಅಲ್ಫಿಯಾ ಉಣ್ಣುತ್ತಿಲ್ಲ ಅಮ್ಮಾ. ನೀವು ಬ್ಯಾಡಗಿಗೆ, ನಸ್ರೀನಳ ಮನೆಗೆ ಹೋಗಿ ನಾಳೆಗೆ ನಲವತ್ತು ದಿನ. ನೀವಿದ್ದಾಗಲೂ ಅವಳ ತಕರಾರು ಕಡಿಮೆ ಇರಲಿಲ್ಲ. ಬೇಳೆ ಕಂಡರೆ ಮುಖ ತಿರುವುತ್ತಿದ್ದಳು, ಬದನೆಕಾಯಿ ಉಗುಳುತ್ತಿದ್ದಳು, ಆದರೂ ಏನೋ ಒಂದಿಷ್ಟು ಹೊಟ್ಟೆಗೆ ಹೋಗುತ್ತಿತ್ತು. ಈಗ ಬಿಸ್ಕತ್ತು, ಹಾಲು, ಅಂಗಡಿಯ ಕುರುಕಲು, ಅಷ್ಟೇ. ಮೊನ್ನೆ ಅಂಗನವಾಡಿಯ ಶೇಖವ್ವ ಟೀಚರ್ ತೂಕ ಮಾಡಿದರು. ಡಿಸೆಂಬರಿನಲ್ಲಿ ಎಂಟು ಕಿಲೋ ಒಂಬೈನೂರು ಇದ್ದವಳು ಎಂಟು ಕಿಲೋ ನೂರಕ್ಕೆ ಇಳಿದಿದ್ದಾಳೆ. ಕಾರ್ಡಿನಲ್ಲಿ ಹಸಿರು ಪಟ್ಟಿ ದಾಟಿ ಹಳದಿಗೆ ಬಂದಿದ್ದಾಳೆ. "ಇನ್ನ ಮುನ್ನೂರು ಗ್ರಾಂ ಇಳದ್ರ ಕೆಂಪು ಪಟ್ಟಿ ನೋಡವಾ. ಆಮ್ಯಾಲ ಹಾವೇರಿ ದವಾಖಾನ್ಯಾಗ ಕೂಸಿನ ಜೋಡಿ ಹದಿನಾಕು ದಿನ ಇರಬೇಕಾಗ್ತೈತಿ" ಎಂದರು. ಇಲ್ಲಿಯ ಡಾಕ್ಟರರಿಗೆ ತೋರಿಸಿದೆ. ಜಡ್ಡೇನೂ ಇಲ್ಲ, ರಕ್ತ ಕಡಿಮೆ ಇದೆ, ಚೆನ್ನಾಗಿ ಊಟ ಮಾಡಿಸಿ ಎಂದರು. ಮಾಡಿಸಲು ಬಂದಿದ್ದರೆ ನಾನು ಅವರ ಬಾಗಿಲಿಗೆ ಏಕೆ ಹೋಗುತ್ತಿದ್ದೆ? ಸ್ನಾನ ಮಾಡಿಸುವಾಗ ಅವಳ ಬೆನ್ನಿನ ಎಲುಬು ಕೈಗೆ ಸಿಗುತ್ತವೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಬೀಜದ ಕಂಪನಿಯಲ್ಲಿ ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ದಿನವೆಲ್ಲ ಎಣಿಸುತ್ತೇನೆ. ಮನೆಗೆ ಬಂದು ಮಗಳ ತುತ್ತನ್ನೂ ಹಾಗೇ ಎಣಿಸತೊಡಗಿದೆ. ಬೆಳಿಗ್ಗೆ ರಾಗಿ ಗಂಜಿ ಎಂಟು ಚಮಚ, ಸಂಜೆ ಅರ್ಧ ಮೊಟ್ಟೆ, ರಾತ್ರಿ ತುಪ್ಪ ಹಾಕಿದ ಅನ್ನ ಹತ್ತು ತುತ್ತು ಎಂದು ಗೋಡೆಗೆ ಚೀಟಿ ಅಂಟಿಸಿದ್ದೇನೆ. ಮೊಬೈಲ್ ಹಿಡಿದರೆ ಬಾಯಿ ತೆರೆಯುತ್ತಾಳೆ, ಆದರೆ ನುಂಗುವುದಿಲ್ಲ. ಗಲ್ಲದಲ್ಲಿ ತುಂಬಿಕೊಂಡು ಅರ್ಧ ಗಂಟೆ ನನ್ನ ಮುಖವನ್ನೇ ನೋಡುತ್ತ ಕೂರುತ್ತಾಳೆ. ಆಮೇಲೆ ನೆಲಕ್ಕೆ ಉಗುಳುತ್ತಾಳೆ, ನಾನು ಒರೆಸುತ್ತೇನೆ.

ನೀವು ಹೊರಟ ಆ ದಿನದ್ದನ್ನು ನಾನೇ ಬರೆಯಬೇಕು. ನಾನು ಅವಳಿಗೆಂದು ಹೊಸ ತಾಟು ತಂದಿದ್ದೆ, ಅನ್ನ ಪಲ್ಯಕ್ಕೆ ಬೇರೆ ಬೇರೆ ಮೂರು ಮನೆ ಇರುವುದು, ಬಾತುಕೋಳಿಯ ಚಿತ್ರದ್ದು. ಒಳಗೆ ಬಂದರೆ ಅವಳು ಎಂದಿನಂತೆ ನಿಮ್ಮ ದೊಡ್ಡ ಅಲ್ಯೂಮಿನಿಯಂ ಜರ್ಮನ್ ತಾಟಿನಲ್ಲಿ ನಿಮ್ಮ ಎದುರಿಗೆ ಕುಳಿತು ರೊಟ್ಟಿಯ ಚೂರನ್ನು ಚಟ್ನಿಯಲ್ಲಿ ಅದ್ದುತ್ತಿದ್ದಳು. ಮೂಗು ಸೋರುತ್ತಿತ್ತು, ತುಟಿ ಕೆಂಪಾಗಿತ್ತು. "ಖಾರ ಹತ್ತಿದ್ರ ನೀರು ಕುಡೀತಾಳ, ಕುಡದು ಮತ್ತ ತಿಂತಾಳ, ಬಿಡಬೇ" ಎಂದು ನೀವು ನಗುತ್ತ ಹೇಳಿದಿರಿ. ನಾನು ಕೂಸನ್ನು ರಟ್ಟೆ ಹಿಡಿದು ಎಬ್ಬಿಸಿ, "ನಿಮ್ಮ ಎಂಜಲ ತಿಂದು ನನ್ನ ಕೂಸಿಗೆ ಜಡ್ಡು ಬರೂದು ಬ್ಯಾಡ್ರಿ" ಎಂದೆ. ಎಲ್ಲರೂ ಒಂದೇ ತಾಟಿನ ಸುತ್ತ ಕುಳಿತು ಉಣ್ಣುವ ಮನೆಯಲ್ಲಿ ಆ ಮಾತು ಆಡಿದೆ. ನೀವು ತಿರುಗಿ ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀವು ತುತ್ತು ಕೆಳಗಿಟ್ಟು, ಕೈ ತೊಳೆದು, ಚೀಲ ತೆಗೆದುಕೊಂಡು ಸ್ಟೇಷನ್ನಿಗೆ ನಡೆದಿರಿ.

ಇವತ್ತು ರಜೆ ಹಾಕಿದ್ದೆ. ಹೇಗಾದರೂ ಸರಿ, ಒಂದು ಮೊಟ್ಟೆ ತಿನ್ನಿಸಿಯೇ ಬಿಡಬೇಕೆಂದು ಹಟ ಹಿಡಿದು, ಮೂಗು ಒತ್ತಿ ಹಿಡಿದು ಬಾಯಿಗೆ ತುರುಕಿದೆ. ಅವಳು ಎಲ್ಲವನ್ನೂ ವಾಂತಿ ಮಾಡಿದಳು, ಬೆಳಗಿನ ಹಾಲೂ ಹೋಯಿತು. ನಾನು ಅವಳ ಕೆನ್ನೆಗೆ ಹೊಡೆದೆ ಅಮ್ಮಾ. ಎರಡು ವರ್ಷ ಇನ್ನೂ ತುಂಬದ ಕೂಸಿಗೆ, ಬೆರಳು ಮೂಡುವಂತೆ ಹೊಡೆದೆ. ಆಮೇಲೆ ಅವಳಿಗಿಂತ ಜೋರಾಗಿ ನಾನು ಅತ್ತೆ. ಅವಳ ಅಳು ಮೊದಲು ನಿಂತಿತು. ಎದ್ದು ಹೋಗಿ, ನಾನು ಸಿಟ್ಟಿನಿಂದ ಜೋಳದ ಡಬ್ಬಿಯ ಹಿಂದೆ ಸರಿಸಿಟ್ಟಿದ್ದ ನಿಮ್ಮ ತಾಟನ್ನು ಎರಡೂ ಕೈಯಿಂದ ಎಳೆದುಕೊಂಡು ಬಂದಳು. ಅದನ್ನು ನೆಲಕ್ಕೆ ಹಾಕಿ ತನ್ನ ಜಾಗದಲ್ಲಿ ಕುಳಿತಳು. ಗೋಡೆಯ ಕಡೆಯ ನಿಮ್ಮ ಜಾಗ ಖಾಲಿ ಬಿಟ್ಟಿದ್ದಳು.

ನಾನು ರೊಟ್ಟಿ ಹಾಕಿಕೊಂಡು ಆ ಜಾಗದಲ್ಲಿ ಕುಳಿತೆ. ನನ್ನ ಮೊಣಕಾಲನ್ನು ದಬ್ಬಿ "ದಾದಿ" ಎಂದಳು, ಅದು ಅಜ್ಜಿಯ ಜಾಗವಂತೆ. ಪಕ್ಕಕ್ಕೆ ಸರಿದು ನಾನೇ ಒಂದು ಚೂರು ತಿಂದೆ. ಅವಳು ಬೆರಗಾಗಿ ನನ್ನ ಬಾಯನ್ನೇ ನೋಡಿದಳು. ಆಗ ನನಗೆ ಹೊಳೆಯಿತು, ನೀವು ಹೋದಾಗಿನಿಂದ ನಾನು ಉಣ್ಣುವುದನ್ನು ಅವಳು ನೋಡಿಯೇ ಇಲ್ಲ. ಅವಳಿಗೆ ತಿನ್ನಿಸುವ ಯುದ್ಧ ಮುಗಿದ ಮೇಲೆ ನಾನು ಒಲೆಯ ಹತ್ತಿರ ನಿಂತು ನುಂಗುವುದಲ್ಲವೆ? ಇಷ್ಟು ದಿನ ಅವಳನ್ನು ಒಬ್ಬಳನ್ನೇ ಬಾತುಕೋಳಿಯ ಮುಂದೆ ಕೂರಿಸಿ, ಪೊಲೀಸರ ಹಾಗೆ ಎದುರಿಗೆ ಕಾವಲು ಕುಳಿತಿದ್ದೆ. ಇವತ್ತು ಅವಳು ಒಂದು ಚೂರು ರೊಟ್ಟಿ ಮುರಿದು ಚಟ್ನಿ ಹಚ್ಚಿದಳು, ತಾನು ತಿನ್ನಲಿಲ್ಲ, ತಾಟಿನಲ್ಲಿ ನಿಮ್ಮ ಕಡೆಗೆ ಇಟ್ಟು ಬಾಗಿಲು ನೋಡುತ್ತ ಕುಳಿತಳು. ಬಹಳ ಹೊತ್ತು ಕುಳಿತು ಅಲ್ಲೇ ನಿದ್ದೆಹೋದಳು.

ಎದುರು ಮನೆಯ ಕೊಟ್ರೇಶ ನಾಳೆಯ ಮಾರ್ಕೆಟ್ಟಿಗೆಂದು ಮೆಣಸಿನಕಾಯಿ ಚೀಲ ಹೇರಿಕೊಂಡು ಈಗಲೇ ಬ್ಯಾಡಗಿಗೆ ಹೊರಟಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ನಸ್ರೀನಳ ಮನೆಯವರಿಗೆಲ್ಲ ನನ್ನ ಸಲಾಂ ಹೇಳಿರಿ. ನಿಮ್ಮ ದುವಾ ಮೊದಲು ಕೂಸಿನ ಮೇಲಿರಲಿ, ಮಿಕ್ಕರೆ ನನಗೂ ಇರಲಿ.

ನಿಮ್ಮ
ದಿಲನಾಜ

ತಾ.ಕ.: ಉತ್ತರಕ್ಕೆ ಕಾಯುವಷ್ಟು ದಿನ ನನ್ನ ಹತ್ತಿರ ಇಲ್ಲ. ನಾಳೆ ಬೆಳಗಿನ ರೈಲಿಗೆ ಕೂಸನ್ನೂ ತಾಟನ್ನೂ ತೆಗೆದುಕೊಂಡು ಬರುತ್ತೇನೆ, ನಾಳೆ ಒಂದು ದಿನ ಕೆಲಸಕ್ಕೆ ಹೋಗಬೇಡಿರಿ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ, ಅವಳನ್ನು ಒಳಗೆ ಕರೆದು ಒಂದು ರೊಟ್ಟಿ ಮುರಿಯಿರಿ. ನೀವಿಬ್ಬರೂ ಉಂಡ ಮೇಲೆ ತಾಟು ತೊಳೆಯಬೇಡಿರಿ ಅಮ್ಮಾ. ಉಳಿದದ್ದನ್ನು ನಾನು ಉಣ್ಣುತ್ತೇನೆ.